ಅಪ್ಪನಿಗೆ ಜಾಸ್ತಿ, ಮಗನಿಗೆ ಕಮ್ಮಿ: ಕೊಡಗಿನ ತೋಟದ ಮನೆಯೊಂದರ ಸಬ್‌ವೂಫರ್ ಪ್ರಕರಣ

ಸಬ್‌ವೂಫರ್ ಅಂದರೆ ಬೇಸ್‌ಗೆ, ತೀರಾ ಕೆಳಗಿನ ಸ್ವರಗಳಿಗೆ, ಅಂತಲೇ ಇರುವ ಸ್ಪೀಕರ್. ಅದನ್ನು ಕೊಳ್ಳಲು ಹೊರಟವರು ಮೊದಲು ಕೇಳುವುದು ಎರಡೇ ಪ್ರಶ್ನೆ. ಎಷ್ಟು ಇಂಚು? ಎಷ್ಟು ವಾಟ್? ಈ ಮನೆಯಲ್ಲೂ ಮಾತು ಅಲ್ಲಿಂದಲೇ ಶುರುವಾಯಿತು. ಆದರೆ ಕೊನೆಗೆ ಆಯ್ಕೆಯನ್ನು ತೀರ್ಮಾನಿಸಿದ್ದು ಕೋಣೆಯ ಉದ್ದಗಲ, ಕುರ್ಚಿ ಹಾಕಿದ್ದ ಜಾಗ ಮತ್ತು ಮನೆಯವರು ಏನನ್ನು ಕೇಳುತ್ತಾರೆ ಅನ್ನುವುದು. ಅದಕ್ಕೇ ಇದನ್ನು ಬಿಡಿಸಿ ಬರೆಯುತ್ತಿದ್ದೇನೆ. ಮನೆ ದಕ್ಷಿಣ ಕೊಡಗಿನಲ್ಲಿದೆ ಅನ್ನುವುದನ್ನು ಬಿಟ್ಟು ಊರು, ಮನೆತನ, ಅಂಗಡಿ, ಕಂಪನಿ ಯಾವುದನ್ನೂ ಹೇಳುವುದಿಲ್ಲ.

ಮನೆ ಮತ್ತು ಮನೆಯವರು

ಕಾಫಿ ತೋಟದ ನಡುವಿನ ಹಳೆ ಮನೆ. ಅದಕ್ಕೆ ಸೇರಿಸಿ ಕಟ್ಟಿದ ಹೊಸ ಹಾಲ್‌ನಲ್ಲಿ ಟಿವಿ ಇದೆ. ಹಾಲ್ 20 ಅಡಿ ಉದ್ದ, 14 ಅಡಿ ಅಗಲ, 10 ಅಡಿ ಎತ್ತರ. ಮೇಲೆ ಆರ್‌ಸಿಸಿ ತಾರಸಿ, ಅದರ ಮೇಲೆ ಮಳೆಗಾಗಿ ಹೆಂಚಿನ ಮಾಡು. ಗೋಡೆಗಳು ಗಟ್ಟಿ, ನೆಲಕ್ಕೆ ಟೈಲ್ಸ್. ಈ ಗಟ್ಟಿತನವನ್ನು ನೆನಪಿಡಿ, ಮುಂದೆ ಅದು ಲೆಕ್ಕಕ್ಕೆ ಬರುತ್ತದೆ. ಹಳೆ ಮನೆಯ ಮರದ ಅಟ್ಟ, ಹೆಂಚಿನ ಸಂದು ಇವುಗಳಿಂದ ಕೆಳಸ್ವರ ಸೋರಿ ಹೊರಗೆ ಹೋಗುತ್ತದೆ. ಕಾಂಕ್ರೀಟ್ ಕೋಣೆಯಲ್ಲಿ ಅದು ಒಳಗೇ ಸುತ್ತುತ್ತದೆ.

ಟಿವಿ ಇದ್ದದ್ದು 14 ಅಡಿಯ ಗೋಡೆಗೆ. ಸೋಫಾ ಸರಿಯಾಗಿ ಕೋಣೆಯ ನಡುಮಧ್ಯ. ಬಲಗಡೆ ಗೋಡೆಗೆ ಒತ್ತಿಕೊಂಡು ಅಪ್ಪನ ಕುರ್ಚಿ. ಅಡುಗೆ ಮನೆಯ ಬಾಗಿಲು ಹಿಂದಿನ ಎಡ ಮೂಲೆಯಲ್ಲಿ.

ಅಪ್ಪನಿಗೆ ಎಪ್ಪತ್ತು ದಾಟಿದೆ. ಬೆಳಿಗ್ಗೆ ಮಡಿಕೇರಿ ಆಕಾಶವಾಣಿ, ಸಂಜೆ ಹಿಂದೂಸ್ತಾನಿ ಗಾಯನ, ಹಳೆ ಕನ್ನಡ ಹಾಡು, ಹಬ್ಬದ ಹೊತ್ತಿಗೆ ಕೊಡವ ವಾಲಗದ ರೆಕಾರ್ಡಿಂಗ್. ತೋಟ ನೋಡಿಕೊಳ್ಳುವ ಮಗನಿಗೆ ರಾತ್ರಿ ಊಟವಾದ ಮೇಲೆ ಸಿನಿಮಾ ಬೇಕು, ಅದರಲ್ಲೂ ಗುಡುಗು, ಸ್ಫೋಟ, ಎಂಜಿನ್ ಸದ್ದು ಇರುವಂಥದ್ದು. ಅಮ್ಮನನ್ನು ಮಗ ಅವ್ವ ಅನ್ನುತ್ತಾನೆ, ನಾನು ಆಂಟಿ ಅನ್ನುತ್ತೇನೆ. ಅವರಿಗೆ ಎರಡೂ ಅಷ್ಟಕ್ಕಷ್ಟೇ. ಆದರೆ ಈ ಪ್ರಕರಣಕ್ಕೆ ಮೊದಲ ಸುಳಿವು ಕೊಟ್ಟವರು ಅವರೇ.

ಇದ್ದ ಸಾಮಾನು ಕೆಟ್ಟದ್ದೇನಲ್ಲ. ಸದ್ದನ್ನು ಎಲ್ಲ ಸ್ಪೀಕರಿಗೂ ಹಂಚುವ ಒಂದು 5.1 ಎವಿ ರಿಸೀವರ್, ಎದುರಿಗೆ ಎರಡು ಬುಕ್‌ಶೆಲ್ಫ್ ಸ್ಪೀಕರ್, ಮಧ್ಯಕ್ಕೊಂದು, ಹಿಂದೆ ಎರಡು. ಸೆಟ್ ಜೊತೆ ಬಂದ 8 ಇಂಚಿನ ಸಬ್‌ವೂಫರ್ ಟಿವಿಯ ಬಲಗಡೆ ಮೂಲೆಯಲ್ಲಿ ಕೂತಿತ್ತು. ಅದು ಪೋರ್ಟ್, ಅಂದರೆ ಗಾಳಿ ಆಡುವ ತೂತು, ಇರುವ ಪೆಟ್ಟಿಗೆ. 40 ಹರ್ಟ್ಸ್‌ವರೆಗೆ ಪರವಾಗಿಲ್ಲ, ಅದರ ಕೆಳಗೆ ಕೈಬಿಡುತ್ತಿತ್ತು. ಹರ್ಟ್ಸ್ ಅಂದರೆ ಸೆಕೆಂಡಿಗೆ ಎಷ್ಟು ಕಂಪನ ಅನ್ನುವ ಲೆಕ್ಕ, ಅಂಕಿ ಇಳಿದಷ್ಟೂ ಸ್ವರ ಕೆಳಗೆ.

ಗುಂಡಿಯ ಜಗಳ

ಅಪ್ಪ ಬಂದು ಕೂತರೆ ಸಬ್‌ವೂಫರಿನ ಗುಂಡಿ ಕೆಳಗೆ. ಮಗ ಬಂದು ಕೂತರೆ ಮೇಲೆ. ಹಲವು ತಿಂಗಳಿಂದ ಮನೆಯಲ್ಲಿ ಇದೇ ನಡೆದಿತ್ತು. "ಗಾಯಕರು ಕೆಳಗಿನ ಸ್ವರಕ್ಕೆ ಬಂದರೆ ಸಾಕು, ಕೋಣೆಯೇ ಗುಂಯ್ ಅನ್ನುತ್ತೆ" ಅನ್ನುವುದು ಅಪ್ಪನ ದೂರು. "ಬೇಸ್ ಎಲ್ಲಿದೆ ಅಣ್ಣ? ಡಬ್ ಡಬ್ ಅಂತ ಒಂದೇ ಸದ್ದು, ಆಳವೇ ಇಲ್ಲ" ಅನ್ನುವುದು ಮಗನದು. ಇಬ್ಬರೂ ಇದನ್ನು ವಯಸ್ಸಿನ ವ್ಯತ್ಯಾಸ, ರುಚಿಯ ವ್ಯತ್ಯಾಸ ಅಂದುಕೊಂಡಿದ್ದರು.

ಮಗ ತಾನೇ ಒಂದಷ್ಟು ಮಾಡಿ ನೋಡಿದ್ದ. ಗೋಡೆಗೆ 2 ಇಂಚಿನ ಫೋಮ್ ಅಂಟಿಸಿದ್ದ. ಮಾತು, ಚಪ್ಪಾಳೆಯಂಥ ಮೇಲಿನ ಸದ್ದಿನ ಪ್ರತಿಧ್ವನಿ ಅದರಿಂದ ಸ್ವಲ್ಪ ತಗ್ಗುತ್ತದೆ. 40 ಹರ್ಟ್ಸ್‌ಗೆ ಏನೂ ಆಗುವುದಿಲ್ಲ. ಶಬ್ದ ಸೆಕೆಂಡಿಗೆ ಸುಮಾರು 1130 ಅಡಿ ಓಡುತ್ತದೆ. ಅಂದರೆ 40 ಹರ್ಟ್ಸ್‌ನ ಒಂದು ಅಲೆಯ ಉದ್ದ 28 ಅಡಿ, ಆ ಕೋಣೆಗಿಂತಲೂ ಉದ್ದ. ಅದನ್ನು ಚೆನ್ನಾಗಿ ಹೀರಿಕೊಳ್ಳಲು ಫೋಮ್ ಅಡಿಗಟ್ಟಲೆ ದಪ್ಪ ಇರಬೇಕು. ಮೇಲಾಗಿ ಇದು ಕೊಡಗು. ಒಂದೇ ಮಳೆಗಾಲಕ್ಕೆ ಫೋಮಿನ ಹಿಂದೆಲ್ಲ ಬೂಷ್ಟು ಬಂದು ಕಿತ್ತು ಹಾಕಿದ್ದರು. ಇಲ್ಲಿನ ಮನೆಗಳಲ್ಲಿ ಗೋಡೆಗೆ ಒತ್ತಿ ಫೋಮ್ ಅಂಟಿಸುವುದನ್ನು ನಾನು ಯಾರಿಗೂ ಹೇಳುವುದಿಲ್ಲ.

ಆಮೇಲೆ ಅಂಗಡಿಗೆ ಹೋಗಿ ಕೇಳಿದ್ದ. "ಹಾಲ್ ದೊಡ್ಡದು, 15 ಇಂಚಿನದೇ ಬೇಕು" ಅಂದಿದ್ದರು. ಮುಂಗಡ ಕೊಡುವ ಮೊದಲು ನನಗೆ ಫೋನ್ ಮಾಡಿದ. ಸಬ್‌ವೂಫರಿಗೆ ಎತ್ತಿಟ್ಟಿದ್ದ ದುಡ್ಡು ಒಂದು ಲಕ್ಷದೊಳಗೆ.

ಕುರ್ಚಿ ಬದಲಿಸಿ ನೋಡಿದ್ದು

ನಾನು ಹೋದಾಗ ಆಂಟಿ ಕಾಫಿ ತಂದಿಟ್ಟು ಒಂದು ಮಾತು ಅಂದರು. "ಇವರಿಬ್ಬರೂ ಅಲ್ಲಿ ಕೂತು ಯಾಕೆ ಜಗಳ ಆಡ್ತಾರೋ. ನನ್ನ ಅಡುಗೆ ಮನೆ ಬಾಗಿಲಲ್ಲಿ ನಿಂತರೆ ಸಿನಿಮಾ ಥಿಯೇಟರ್ ಹಾಗೇ ಕೇಳುತ್ತೆ. ಸ್ಟೀಲ್ ಮುಚ್ಚಳ ಎಲ್ಲ ಅಲ್ಲಾಡುತ್ತೆ."

ಇದಕ್ಕಿಂತ ಒಳ್ಳೆ ಸುಳಿವು ಬೇಕಿರಲಿಲ್ಲ. ಸೋಫಾದಲ್ಲಿ ಇಲ್ಲದ ಬೇಸ್ ಅಡುಗೆ ಮನೆ ಬಾಗಿಲಲ್ಲಿ ಇದೆ ಅಂದರೆ ಸಬ್‌ವೂಫರ್ ಅದನ್ನು ಹೊರಡಿಸುತ್ತಿದೆ ಅಂತ ಅರ್ಥ. ಅದು ಕೂರುವ ಜಾಗಕ್ಕೆ ಮಾತ್ರ ತಲುಪುತ್ತಿಲ್ಲ.

ಅಪ್ಪ ಮಗ ಇಬ್ಬರಿಗೂ ಜಾಗ ಬದಲಿಸಿ ಕೂರಲು ಹೇಳಿದೆ. ಗುಂಡಿ ಮುಟ್ಟದೆ, ಮಗ ದಿನಾ ಬೈದುಕೊಳ್ಳುತ್ತಿದ್ದ ಅದೇ ಸಿನಿಮಾ ತುಣುಕನ್ನು ಹಾಕಿದೆ. ಗೋಡೆ ಪಕ್ಕದ ಕುರ್ಚಿಯಲ್ಲಿ ಕೂತ ಮಗ ಕಣ್ಣರಳಿಸಿದ. ಆಮೇಲೆ ಅಪ್ಪನ ಗಾಯನದ ರೆಕಾರ್ಡಿಂಗ್ ಹಾಕಿದೆ. ಸೋಫಾದ ಮಧ್ಯೆ ಕೂತ ಅಪ್ಪ, "ಈಗ ಅಷ್ಟು ಗುಂಯ್ ಅನ್ನುತ್ತಿಲ್ಲವಲ್ಲ, ಕಮ್ಮಿ ಮಾಡಿದೆಯಾ?" ಅಂತ ಕೇಳಿದರು. ರುಚಿಯ ಜಗಳ ಅಂದುಕೊಂಡದ್ದು ಕುರ್ಚಿಯ ಜಗಳ ಆಗಿತ್ತು. ಈ ಪ್ರಕರಣದ ನಿಜವಾದ ತಿರುವು ಇದೇ. ಇದಕ್ಕೆ ಒಂದು ರೂಪಾಯಿ ಖರ್ಚಾಗಲಿಲ್ಲ.

ಕಾರಣ ಹೀಗೆ. ಎದುರುಬದುರು ಇರುವ ಎರಡು ಗಟ್ಟಿ ಗೋಡೆಗಳ ನಡುವೆ ಕೆಲವು ಸ್ವರಗಳು ಹಿಂದೆ ಮುಂದೆ ಬಡಿದು ನಿಂತುಬಿಡುತ್ತವೆ. ಬಚ್ಚಲಲ್ಲಿ ಹಾಡುವಾಗ ಯಾವುದೋ ಒಂದು ಸ್ವರ ಮಾತ್ರ ಇದ್ದಕ್ಕಿದ್ದಂತೆ ತುಂಬಿಕೊಳ್ಳುತ್ತದೆ ಅಲ್ವಾ, ಅದೂ ಇದೇ. ಅಂಥ ಮೊದಲ ಸ್ವರ ಯಾವುದು ಅಂತ ತಿಳಿಯಲು 1130 ಅನ್ನು ಗೋಡೆಗಳ ಅಂತರದ ಎರಡು ಪಟ್ಟಿನಿಂದ ಭಾಗಿಸಿದರೆ ಸಾಕು. 20 ಅಡಿಗೆ ಸುಮಾರು 28 ಹರ್ಟ್ಸ್. 14 ಅಡಿಗೆ ಸುಮಾರು 40. ಎತ್ತರದ 10 ಅಡಿಗೆ ಸುಮಾರು 56.

ಈ ಸ್ವರಗಳು ಗೋಡೆಯ ಹತ್ತಿರ ಜೋರು, ನಡುವೆ ಕ್ಷೀಣ. ಸೋಫಾದ ಮಧ್ಯೆ ಕೂತ ಮಗ ಉದ್ದಕ್ಕೂ ಅಗಲಕ್ಕೂ ಸರಿಯಾಗಿ ನಡುವೆ ಇದ್ದ. 28 ಅವನಿಗೆ ಇಲ್ಲ, 40 ಇಲ್ಲ. ಅಪ್ಪನ ಕುರ್ಚಿ ಪಕ್ಕದ ಗೋಡೆಗೆ ಒತ್ತಿತ್ತು, ಅಲ್ಲಿ 40 ತುಂಬಿ ತುಳುಕುತ್ತಿತ್ತು. ಅಡುಗೆ ಮನೆಯ ಬಾಗಿಲು ಮೂಲೆಯಲ್ಲಿ, ಅಲ್ಲಿ ಎಲ್ಲವೂ ಜೋರು.

ಮಗ ಹೇಳುತ್ತಿದ್ದ ಡಬ್ ಡಬ್ ಸದ್ದಿಗೂ ಉತ್ತರ ಇಲ್ಲೇ ಇತ್ತು. ಪ್ರತಿ ಅಂತರಕ್ಕೂ ಮೊದಲ ಸ್ವರದ ದುಪ್ಪಟ್ಟಿನಲ್ಲಿ ಎರಡನೆಯದೊಂದು ಏಳುತ್ತದೆ. ಅದು ಕೋಣೆಯ ನಡುವೆಯೂ ಜೋರು. ಉದ್ದದ 28ರ ದುಪ್ಪಟ್ಟು 56. ಎತ್ತರದ ಮೊದಲ ಸ್ವರವೂ 56. ಕೋಣೆಯ ಉದ್ದ ಎತ್ತರದ ಸರಿಯಾಗಿ ಎರಡು ಪಟ್ಟು ಇದ್ದದ್ದರಿಂದ ಎರಡೂ ಒಂದರ ಮೇಲೊಂದು ಬಿದ್ದಿದ್ದವು. ಸಿನಿಮಾದಲ್ಲಿ ಏನೇ ಬಂದರೂ ಅವನಿಗೆ 56ರ ಏಟು ಮಾತ್ರ ಕೇಳುತ್ತಿತ್ತು. ಹೊಸ ಮನೆ ಕಟ್ಟುವವರು ಹಾಲ್‌ನ ಉದ್ದ, ಅಗಲ, ಎತ್ತರ ಒಂದಕ್ಕೊಂದು ಸಮವೋ ದುಪ್ಪಟ್ಟೋ ಆಗದ ಹಾಗೆ ನೋಡಿಕೊಂಡರೆ ಬಹಳ ಒಳ್ಳೆಯದು.

ಕಿವಿಯಲ್ಲಿ ಕೇಳಿದ್ದನ್ನು ಅಳೆದೂ ನೋಡಿದೆ. ಯುಎಸ್‌ಬಿ ಅಳತೆಯ ಮೈಕ್, ಲ್ಯಾಪ್‌ಟಾಪಿನಲ್ಲಿ ಉಚಿತವಾಗಿ ಸಿಗುವ ರೂಮ್ ಇಕ್ಯೂ ವಿಝಾರ್ಡ್ ಅನ್ನುವ ಧ್ವನಿ ಅಳೆಯುವ ತಂತ್ರಾಂಶ. ಫೋನಿನ ಆ್ಯಪ್ ಈ ಕೆಲಸಕ್ಕೆ ಬೇಡ, ಎಷ್ಟೋ ಫೋನ್‌ಗಳ ಮೈಕ್ ಕೆಳಗಿನ ಸ್ವರವನ್ನು ಕತ್ತರಿಸಿಬಿಡುತ್ತದೆ. 40 ಹರ್ಟ್ಸ್ ಸುತ್ತ ಅಪ್ಪನ ಕುರ್ಚಿಗೂ ಮಗನ ಜಾಗಕ್ಕೂ 14 ಡೆಸಿಬೆಲ್ ವ್ಯತ್ಯಾಸ ಇತ್ತು. ಡೆಸಿಬೆಲ್ ಅಂದರೆ ಸದ್ದಿನ ಜೋರಿನ ಅಳತೆ. 10 ಡೆಸಿಬೆಲ್ ಏರಿಸಬೇಕಾದರೆ ಆಂಪ್ಲಿಫೈಯರ್ ಹತ್ತು ಪಟ್ಟು ಶಕ್ತಿ ಕೊಡಬೇಕು. ಅಂದಮೇಲೆ ಆ ಮೂಲೆಯಲ್ಲಿ 15 ಇಂಚಿನದನ್ನು ತಂದಿಟ್ಟಿದ್ದರೆ ಏನಾಗುತ್ತಿತ್ತು? ಸ್ವರ ಕ್ಷೀಣವಾದ ಕಡೆಯನ್ನು ಹಳ್ಳ, ಜೋರಾದದ್ದನ್ನು ಗುಡ್ಡ ಅನ್ನೋಣ. ಮಗನ ಹಳ್ಳ ಹಳ್ಳವಾಗಿಯೇ ಉಳಿಯುತ್ತಿತ್ತು. ಅಪ್ಪ ಕುರ್ಚಿ ಬಿಟ್ಟು ಹಳೆ ಮನೆಯ ಜಗಲಿಗೆ ಹೋಗಿ ಕೂರುತ್ತಿದ್ದರು.

ಕೊಳ್ಳುವ ಮೊದಲು ಸರಿಸಿದ್ದು

ಹಳೆಯ 8 ಇಂಚಿನದನ್ನೇ ಮೂಲೆಯಿಂದ ತೆಗೆದು ಟಿವಿಯ ಕೆಳಗೆ, ಗೋಡೆಯ ನಡುಮಧ್ಯಕ್ಕೆ ತಂದೆವು. ಅಗಲದ 40 ಹರ್ಟ್ಸ್ ಸ್ವರ ಅಲ್ಲಿ ಕ್ಷೀಣವಾಗಿರುತ್ತದೆ. ಹಾಗಾಗಿ ಅಲ್ಲಿಟ್ಟ ಸಬ್‌ವೂಫರ್ ಅದನ್ನು ಎಬ್ಬಿಸುವುದೂ ಕಮ್ಮಿ. ಅಪ್ಪನ ಗುಂಯ್ ಅಲ್ಲಿಗೇ ಅರ್ಧ ಇಳಿಯಿತು.

ಮಗನ ಮುಖ ಮಾತ್ರ ಬಾಡಿತು. ಮೂಲೆ ಬಿಟ್ಟರೆ ಒಟ್ಟು ಜೋರು ಕಮ್ಮಿಯಾಗುತ್ತದೆ, ಅದು ಸಹಜ. ಮೂಲೆಯಲ್ಲಿಟ್ಟರೆ ಬೇಸ್ ಜಾಸ್ತಿ ಅಂತ ಎಲ್ಲರೂ ಹೇಳುವುದು ನಿಜವೇ. ಆದರೆ ಮೂಲೆ ಕೋಣೆಯ ಎಲ್ಲ ಸ್ವರಗಳನ್ನೂ ಒಟ್ಟಿಗೆ ಎಬ್ಬಿಸುತ್ತದೆ, ಬೇಡದ್ದನ್ನೂ ಸೇರಿಸಿ. ಆಮೇಲೆ ಸೋಫಾವನ್ನು 3 ಅಡಿ ಹಿಂದಕ್ಕೆ, ಟಿವಿಯಿಂದ 13 ಅಡಿಗೆ ಸರಿಸಿದೆವು. 28ರ ಹಳ್ಳದಿಂದಲೂ 56ರ ಗುಡ್ಡದಿಂದಲೂ ಅದು ಈಚೆ ಬಂತು. ಆಂಟಿಗೆ ಓಡಾಡುವ ದಾರಿ ಇಕ್ಕಟ್ಟಾಗುತ್ತದೆ ಅಂತ ಟೀಪಾಯಿಯನ್ನು ಹೊರಗೆ ಹಾಕಬೇಕಾಯಿತು. ಅಪ್ಪನ ಕುರ್ಚಿಯನ್ನು ಗೋಡೆಯಿಂದ ಎರಡಡಿ ಈಚೆಗೆ ಎಳೆದೆವು. ಅದಕ್ಕೆ ಅವರು ಸುಲಭಕ್ಕೆ ಒಪ್ಪಲಿಲ್ಲ, ಕೇಳಿದ ಮೇಲೆ ಒಪ್ಪಿದರು.

ಈಗ ಉಳಿದದ್ದು ನಿಜವಾದ ಕೊರತೆ. ಆ 8 ಇಂಚಿನದಕ್ಕೆ ಈ ಕೋಣೆಯಲ್ಲಿ 35 ಹರ್ಟ್ಸ್ ಕೆಳಗೆ ಉಸಿರಿಲ್ಲ. ಸಿನಿಮಾದ ಧ್ವನಿಯಲ್ಲಿ ಕೆಳಸ್ವರಕ್ಕೆಂದೇ ಬೇರೆ ಚಾನೆಲ್ ಇದೆ, 5.1ರಲ್ಲಿ ಆ .1 ಅದೇ. ಅದು 120 ಹರ್ಟ್ಸ್‌ವರೆಗೆ ಹೋಗುತ್ತದೆ. ಉಳಿದ ಚಾನೆಲ್‌ಗಳಿಗಿಂತ 10 ಡೆಸಿಬೆಲ್ ಜೋರಾಗಿ ನುಡಿಸುವ ಅವಕಾಶವೂ ಅದಕ್ಕಿದೆ. ಹೊಸದು ಬೇಕು ಅನ್ನುವುದು ಈಗ ಖಚಿತವಾಯಿತು. ಏನು ಬೇಕು ಅನ್ನುವುದೂ ಖಚಿತವಾಯಿತು.

ಸಂಗೀತಕ್ಕೊಂದು, ಸಿನಿಮಾಕ್ಕೊಂದು?

ಮುಚ್ಚಿದ ಪೆಟ್ಟಿಗೆ ಸಂಗೀತಕ್ಕೆ, ಪೋರ್ಟ್ ಇರುವುದು ಸಿನಿಮಾಕ್ಕೆ ಅಂತ ಒಂದು ಮಾತಿದೆ. ಮಗನೂ ಅದನ್ನು ಓದಿಕೊಂಡಿದ್ದ. ಅದರಲ್ಲಿ ಸ್ವಲ್ಪ ಸತ್ಯ ಇದೆ. ಪೋರ್ಟ್ ಇರುವ ಪೆಟ್ಟಿಗೆ ತನ್ನ ಪೋರ್ಟನ್ನು ಹೊಂದಿಸಿದ ಸ್ವರದ ಹತ್ತಿರ ಅದೇ ಗಾತ್ರದ ಕೋನ್‌ನಿಂದ, ಅಂದರೆ ಸ್ಪೀಕರಿನ ಅಲುಗುವ ಬಟ್ಟಲಿನಿಂದ, ಜಾಸ್ತಿ ಸದ್ದು ತೆಗೆಯುತ್ತದೆ. ಅದರ ಕೆಳಗೆ ಆಕ್ಟೇವ್‌ಗೆ 24 ಡೆಸಿಬೆಲ್‌ನಂತೆ ಧಡಕ್ಕನೆ ಬೀಳುತ್ತದೆ. ಒಂದು ಆಕ್ಟೇವ್ ಕೆಳಗೆ ಅಂದರೆ ಹರ್ಟ್ಸ್ ಅರ್ಧಕ್ಕೆ ಇಳಿಯುವುದು. ಮುಚ್ಚಿದ ಪೆಟ್ಟಿಗೆ ಬೇಗ ಇಳಿಯಲು ಶುರುಮಾಡಿದರೂ ಆಕ್ಟೇವ್‌ಗೆ 12ರಂತೆ ಮೆಲ್ಲಗೆ ಇಳಿಯುತ್ತದೆ. ಕೋಣೆ ತೀರಾ ಕೆಳಗಿನ ಸ್ವರಗಳಿಗೆ ತಾನೇ ಕೊಡುವ ಏರಿಕೆಯೊಂದಿಗೆ ಇದು ಚೆನ್ನಾಗಿ ಹೊಂದಿಕೊಳ್ಳುತ್ತದೆ. ಆದರೆ "ಫಾಸ್ಟ್ ಬೇಸ್", "ಸ್ಲೋ ಬೇಸ್" ಅನ್ನುವ ಮಾತಿಗೆ ನಾನು ಜಾಸ್ತಿ ಬೆಲೆ ಕೊಡುವುದಿಲ್ಲ. ಎಳೆದಂತೆ ಕೇಳುವ ಬೇಸ್‌ಗೆ ಹೆಚ್ಚಿನ ಸಲ ಕಾರಣ ಕೋಣೆಯಲ್ಲಿ ಉಳಿದು ಮೊಳಗುವ ಸ್ವರ. ಒಳ್ಳೆ ಪೋರ್ಟ್ ಪೆಟ್ಟಿಗೆಯನ್ನು ಸರಿಯಾದ ಜಾಗದಲ್ಲಿಟ್ಟು ಸಂಗೀತ ಕೇಳಿದರೆ ಯಾರೂ ತಕರಾರು ಮಾಡುವುದಿಲ್ಲ.

ಸಂಗೀತಕ್ಕೆ ಎಷ್ಟು ಕೆಳಗೆ ಬೇಕು ಅನ್ನುವುದನ್ನೂ ನೋಡಬೇಕು. ನಾಲ್ಕು ತಂತಿಯ ಬೇಸ್ ಗಿಟಾರಿನ ಅತಿ ಕೆಳಸ್ವರ 41 ಹರ್ಟ್ಸ್, ಐದು ತಂತಿಯದು 31. ಪಿಯಾನೋದ ಅತಿ ಕೆಳಗಿನ ಕೀ 27.5. ಅಪ್ಪ ಕೇಳುವುದರಲ್ಲಿ ಇಷ್ಟು ಕೆಳಗೆ ಹೋಗುವಂಥದ್ದು ಕಮ್ಮಿ. ಗಂಡು ಧ್ವನಿಯ ಗಾಯಕರ ಷಡ್ಜ ಕರಿ ಒಂದರಲ್ಲಿದ್ದರೆ, ಅಂದರೆ ಹಾರ್ಮೋನಿಯಮ್ಮಿನ ಮೊದಲ ಕಪ್ಪು ಕೀಯಲ್ಲಿದ್ದರೆ, ತಂಬೂರಿಯ ಖರಜದ, ಅಂದರೆ ಅತಿ ಕೆಳಗಿನ ಸ್ವರದ, ತಂತಿ ಸುಮಾರು 69 ಹರ್ಟ್ಸ್‌ಗೆ ಬರುತ್ತದೆ. ಹಳೆ ಸಿನಿಮಾ ಹಾಡುಗಳಲ್ಲಿ 40ರ ಕೆಳಗೆ ಹೆಚ್ಚೇನೂ ಇರುವುದಿಲ್ಲ. ಅಂದರೆ ಅಪ್ಪನಿಗೆ ಬೇಕಿದ್ದದ್ದು ಆಳಕ್ಕಿಂತ ಹೆಚ್ಚಾಗಿ ಸಮತೆ. ಖರಜದ 69, ಸ್ಪೀಕರಿನಿಂದ ಸಬ್‌ವೂಫರಿಗೆ ಸ್ವರ ಹಸ್ತಾಂತರ ಆಗುವ 80ರ ಪಕ್ಕದಲ್ಲೇ ಇದೆ. ಆ ಜೋಡಣೆ ಸರಿಯಿಲ್ಲದಿದ್ದರೆ ತಂಬೂರಿ ಒಂದು ಸಲ ಉಬ್ಬಿ ಒಂದು ಸಲ ಸೊರಗುತ್ತದೆ. ಮಗನಿಗೆ ಬೇಕಿದ್ದದ್ದು 20ರಿಂದ 35ರ ನಡುವಿನ ಗುಡುಗು.

ನಮ್ಮ ಮುಂದೆ ಮೂರು ದಾರಿ ಇದ್ದವು. ಪೋರ್ಟ್ ಇರುವ 15 ಇಂಚಿನದು ಒಂದು. ಮುಚ್ಚಿದ ಪೆಟ್ಟಿಗೆಯ 12 ಇಂಚಿನದು ಒಂದು. ಮುಚ್ಚಿದ ಪೆಟ್ಟಿಗೆಯ 10 ಇಂಚಿನವು ಎರಡು. ಪೆಟ್ಟಿಗೆ ಮೇಲೆ ಬರೆದ ವಾಟ್ ನೋಡಲಿಲ್ಲ. ಪಿಎಂಪಿಓ ಅನ್ನುವ ಉಬ್ಬಿಸಿದ ಲೆಕ್ಕದಲ್ಲಿ ಸಾವಿರಗಟ್ಟಲೆ ಬರೆದದ್ದನ್ನಂತೂ ನೋಡಲೇಬಾರದು. ನೋಡಿದ್ದು ಸಿಇಎ-2010 ಅನ್ನುವ ಅಳತೆ. ಯಾವ ಸ್ವರದಲ್ಲಿ ಒಡಕಿಲ್ಲದೆ ಎಷ್ಟು ಡೆಸಿಬೆಲ್ ಕೊಡುತ್ತದೆ ಅನ್ನುವುದು ಅದರಲ್ಲಿ 20, 25, 31.5, 40 ಹರ್ಟ್ಸ್ ಅಂತ ಬಿಡಿಬಿಡಿಯಾಗಿ ಸಿಗುತ್ತದೆ. ಎರಡು ಪೆಟ್ಟಿಗೆ ಹೋಲಿಸಲು ಇದಕ್ಕಿಂತ ನ್ಯಾಯವಾದ ಪಟ್ಟಿ ನನಗೆ ಗೊತ್ತಿಲ್ಲ.

15 ಇಂಚಿನದು 20 ಹರ್ಟ್ಸ್‌ನಲ್ಲಿ ಉಳಿದೆರಡನ್ನೂ ಸುಲಭವಾಗಿ ಮೀರಿಸುತ್ತಿತ್ತು. ಇದು ಮಗನಿಗೆ ಗೊತ್ತಿರಲಿ ಅಂತ ಮೈಸೂರಿನ ಅವನ ಗೆಳೆಯನ ಮನೆಯಲ್ಲಿದ್ದ ಅಂಥದ್ದನ್ನೇ ಕೇಳಿ ಬರಲು ಹೇಳಿದೆ. ಬಂದವನು, "ಅದು ಬೇರೆಯೇ ಅಣ್ಣ, ಸೋಫಾನೇ ಅಲ್ಲಾಡುತ್ತೆ" ಅಂದ. ಆದರೆ ಅದರ ಪೆಟ್ಟಿಗೆ ಟಿವಿ ಕೆಳಗೆ ಹಿಡಿಯುವುದಿಲ್ಲ. ಹಿಡಿಯುವ ಜಾಗ ಅಂದರೆ ಮತ್ತೆ ಅದೇ ಮೂಲೆ. ಒಂದೇ ಪೆಟ್ಟಿಗೆ ಮೂಲೆಯಲ್ಲಿ ಕೂತರೆ ಗುಂಡಿಯ ಜಗಳವೂ ವಾಪಸ್.

10 ಇಂಚಿನ ಎರಡು ಕೋನ್‌ಗಳ ವಿಸ್ತೀರ್ಣ ಸೇರಿಸಿದರೆ 14 ಇಂಚಿನ ಒಂದು ಕೋನ್‌ಗೆ ಸಮ. ಅದಕ್ಕಿಂತ ಮುಖ್ಯವಾದದ್ದು, ಎರಡನ್ನು ಎರಡು ಕಡೆ ಇಡಬಹುದು. ಎಷ್ಟು ಸಬ್‌ವೂಫರ್, ಎಲ್ಲೆಲ್ಲಿ ಅನ್ನುವುದನ್ನು ಹರ್ಮನ್ ಸಂಸ್ಥೆಯ ಟಾಡ್ ವೆಲ್ಟಿ 2002ರಲ್ಲಿ ಲೆಕ್ಕಹಾಕಿ ತೋರಿಸಿದ್ದರು. ಎದುರುಬದುರು ಗೋಡೆಗಳ ಮಧ್ಯದಲ್ಲಿ ಒಂದೊಂದು ಇಟ್ಟರೆ ಕೂರುವ ಜಾಗಗಳ ನಡುವಿನ ವ್ಯತ್ಯಾಸ ಬಹಳ ಕಮ್ಮಿಯಾಗುತ್ತದೆ. ಎರಡೂ ಒಂದೇ ಸದ್ದು ನುಡಿಸಿದಾಗ, ಆ ಗೋಡೆಗಳ ನಡುವಿನ ಮೊದಲ ಸ್ವರವನ್ನು ಒಂದು ಪೆಟ್ಟಿಗೆ ಒಂದು ಕಡೆಗೆ ತಳ್ಳಿದರೆ ಇನ್ನೊಂದು ಅದರ ವಿರುದ್ಧಕ್ಕೆ ತಳ್ಳುತ್ತದೆ. ಆ ಸ್ವರ ಏಳುವುದೇ ಇಲ್ಲ. ಒಬ್ಬರೇ ಕೂತು ಕೇಳುವ ಮನೆಗೆ ಇದರ ಅಗತ್ಯ ಅಷ್ಟಿಲ್ಲ. ಈ ಮನೆಯಲ್ಲಿ ಇಬ್ಬರು ಕೇಳುಗರು, ಎರಡು ಜಾಗ.

ಮುಚ್ಚಿದ ಪೆಟ್ಟಿಗೆಗೆ ಇನ್ನೊಂದು ಸ್ಥಳೀಯ ಕಾರಣವೂ ಇತ್ತು. ತೋಟದ ಮನೆಯಲ್ಲಿ ಪೋರ್ಟ್ ಅಂದರೆ ಹುಳುಗಳಿಗೆ ತೆರೆದ ಬಾಗಿಲು. ಬೇರೆ ಮನೆಯೊಂದರಲ್ಲಿ ಪೋರ್ಟಿನೊಳಗೆ ಕಣಜ ಮಣ್ಣಿನ ಗೂಡು ಕಟ್ಟಿದ್ದನ್ನು ನಾನೇ ತೆಗೆದಿದ್ದೇನೆ. ಕೋನ್‌ನ ಅಂಚು ರಬ್ಬರಿನದೇ ಆಗಿರಲಿ ಅಂತಲೂ ಹೇಳಿದೆ. ಫೋಮಿನ ಅಂಚು ತೇವಕ್ಕೆ ಪುಡಿಯಾಗುತ್ತದೆ.

ಎರಡು ಹತ್ತಿಂಚು ಅಂತ ತೀರ್ಮಾನವಾಯಿತು. 25 ಹರ್ಟ್ಸ್ ಕೆಳಗಿನ ನಡುಕವನ್ನು ಇವು ಕೊಡುವುದಿಲ್ಲ ಅಂತ ಮಗನಿಗೆ ಮೊದಲೇ ಬಿಡಿಸಿ ಹೇಳಿದೆ. ಅದನ್ನು ತಿಳಿದೇ ಒಪ್ಪಿದ.

ಕೂರಿಸಿದ ಮೇಲೆ

ಒಂದು ಟಿವಿ ಕೆಳಗೆ, ಇನ್ನೊಂದು ಹಿಂದಿನ ಗೋಡೆಯ ಮಧ್ಯೆ. ಪಕ್ಕದ ಗೋಡೆಗಳ ಮಧ್ಯೆ ಇಡುವ ಆಲೋಚನೆಯೂ ಇತ್ತು. ಒಂದು ಕಡೆ ವರಾಂಡದ ಬಾಗಿಲು, ಇನ್ನೊಂದು ಕಡೆ ಷೋಕೇಸ್, ಆಗಲಿಲ್ಲ. ಹಿಂದಿನದಕ್ಕೆ ಉದ್ದದ ಕೇಬಲನ್ನು ಗೋಡೆಯ ಬುಡದಲ್ಲಿ ಕೇಸಿಂಗ್ ಪಟ್ಟಿಯೊಳಗೆ ಎಳೆದೆವು. ಬಿಟ್ಟರೆ ಇಲಿ ಕಡಿಯುತ್ತದೆ. ಎರಡಕ್ಕೂ ಒಂದೇ ಸಿಗ್ನಲ್, ಒಂದೇ ಮಟ್ಟ. ಯಾವ ಸ್ವರದಿಂದ ಕೆಳಗೆ ಸಬ್‌ವೂಫರ್ ನುಡಿಸಬೇಕು ಅಂತ ಗೊತ್ತುಮಾಡುವ, ಪೆಟ್ಟಿಗೆಯ ಹಿಂದಿನ ಕ್ರಾಸ್‌ಓವರ್ ಗುಂಡಿಯನ್ನು ಪೂರ್ತಿ ಮೇಲಕ್ಕೆ ತಿರುಗಿಸಿಟ್ಟು, ಆ ಕೆಲಸವನ್ನು ರಿಸೀವರಿಗೆ ಬಿಟ್ಟೆವು. ಇಲ್ಲದಿದ್ದರೆ ಒಂದರ ಮೇಲೊಂದು ಎರಡು ಸಲ ಕತ್ತರಿ ಬೀಳುತ್ತದೆ. ರಿಸೀವರಿನಲ್ಲಿ 80 ಹರ್ಟ್ಸ್. ಉಳಿದಿದ್ದ 56ರ ಗುಡ್ಡವನ್ನು, ಬೇಕಾದ ಸ್ವರವನ್ನಷ್ಟೇ ಏರಿಸಿ ಇಳಿಸುವ ರಿಸೀವರಿನ ಈಕ್ವಲೈಸರಿನಿಂದ ತಗ್ಗಿಸಿದೆವು. ಗುಡ್ಡ ತಗ್ಗಿಸಲು ಈಕ್ವಲೈಸರ್ ಒಳ್ಳೆಯದು. ಹಳ್ಳ ತುಂಬಲು ಅದನ್ನು ಬಳಸಿದರೆ ಆಂಪ್ಲಿಫೈಯರ್ ಸುಮ್ನೆ ಒದ್ದಾಡುತ್ತದೆ, ಹಳ್ಳ ತುಂಬುವುದಿಲ್ಲ. ಎರಡು ಕುರ್ಚಿಗಳ ನಡುವಿನ ವ್ಯತ್ಯಾಸ 4 ಡೆಸಿಬೆಲ್‌ಗೆ ಇಳಿಯಿತು.

ಪರೀಕ್ಷೆಗೆ ನಾನು ಮೊದಲು ಹಾಕಿದ್ದು ಆಕಾಶವಾಣಿಯ ವಾರ್ತೆ. ವಾರ್ತೆ ಓದುವ ಗಂಡು ಧ್ವನಿ ಎದೆಯೊಳಗಿಂದ ಉಬ್ಬಿದಂತೆ ಕೇಳಿದರೆ, ಇಲ್ಲವೇ ಹಿಂದಿನ ಗೋಡೆಯಿಂದ ಬಂದಂತೆ ಅನ್ನಿಸಿದರೆ ಸಬ್‌ವೂಫರ್ ಜಾಸ್ತಿ ಇದೆ ಅಂತ ಲೆಕ್ಕ. ಆಮೇಲೆ ವಾಲಗ, ಜೊತೆಗೆ ದುಡಿ ಅನ್ನುವ ಪುಟ್ಟ ಚರ್ಮವಾದ್ಯದ ಹಾಡು. ದುಡಿಯ ಸದ್ದನ್ನು ಹುಟ್ಟಿನಿಂದ ಕೇಳಿದವರು ಅಪ್ಪ, ಅವರ ಕಿವಿಗೆ ಮೋಸ ಮಾಡಲು ಆಗುವುದಿಲ್ಲ. "ಈಗ ದುಡಿ ದುಡಿಯ ಹಾಗೇ ಇದೆ, ಡೋಲಿನ ಹಾಗಿಲ್ಲ" ಅಂದರು.

ಸಿನಿಮಾ ಹಾಕಿದಾಗ ಬೇರೆ ತೊಂದರೆ ಬಂತು. ಜೋರು ಬೇಸ್ ಬಂದಾಗಲೆಲ್ಲ ಎಲ್ಲೋ ಝರ್ ಅನ್ನುವ ಸದ್ದು. ಸಬ್‌ವೂಫರೇ ಕೆಟ್ಟಿದೆ ಅಂತ ಮಗನಿಗೆ ಗಾಬರಿ. ಕೆಳಗಿನಿಂದ ಮೇಲಕ್ಕೆ ಮೆಲ್ಲಗೆ ಏರುವ ಟೋನ್ ಹಾಕಿ, ಝರ್ ಬಂದ ಸ್ವರದಲ್ಲಿ ನಿಲ್ಲಿಸಿ, ಕೈಯಿಟ್ಟು ಹುಡುಕಿದೆವು. ಗೋಡೆಗೆ ತೂಗುಹಾಕಿದ್ದ ಒಡಿಕತ್ತಿ ಮೊಳೆಗೆ ತಗುಲಿ ನಡುಗುತ್ತಿತ್ತು. ಷೋಕೇಸಿನ ಗಾಜೂ ಸಡಿಲ ಇತ್ತು. ಕತ್ತಿಯ ಹಿಂದೆ ಎರಡು ಚೂರು ಫೆಲ್ಟ್, ಗಾಜಿಗೆ ರಬ್ಬರ್ ಪಟ್ಟಿ. ಹೊಸ ಸಬ್‌ವೂಫರ್ ಒಡಕಾಗಿ ಕೇಳುತ್ತಿದೆ ಅಂತ ಅಂಗಡಿಗೆ ವಾಪಸ್ ಒಯ್ಯುವ ಮೊದಲು ಮನೆಯ ಗೋಡೆಗಳನ್ನು ಒಂದು ಸುತ್ತು ಮುಟ್ಟಿ ನೋಡಬೇಕು.

ಅದಕ್ಕಿಂತ ಗಂಭೀರವಾದದ್ದು ಹಮ್ಮಿಂಗ್. ಏನೂ ಹಾಕದಿದ್ದಾಗಲೂ ಎರಡೂ ಪೆಟ್ಟಿಗೆಯಿಂದ ಸಣ್ಣಗೆ ಗುಂಯ್‌ಗುಡುವ ಸದ್ದು. ಅಲ್ಲಿದ್ದ ಎಲೆಕ್ಟ್ರಿಷಿಯನ್ ಪ್ಲಗ್ಗಿನ ಅರ್ತ್ ಪಿನ್ ತೆಗೆದರೆ ಹೋಗುತ್ತದೆ ಅಂದರು. ಹೋಗುತ್ತದೆ, ನಿಜ. ಆದರೆ ಅದು ಪ್ರಾಣಕ್ಕೇ ಅಪಾಯ, ಯಾವ ಕಾರಣಕ್ಕೂ ಮಾಡಬಾರದು. ಒಂದೊಂದೇ ಕೇಬಲ್ ಬಿಚ್ಚುತ್ತಾ ಹೋದೆವು. ಡಿಶ್‌ನ ಕೇಬಲ್ ಬಿಚ್ಚಿದ ತಕ್ಷಣ ಸದ್ದು ನಿಂತಿತು. ಡಿಶ್ ನಿಂತಿದ್ದ ಕಬ್ಬಿಣದ ಕಂಬ ನೇರ ನೆಲಕ್ಕೆ ಇಳಿದಿತ್ತು, ಮನೆಯ ಅರ್ತ್ ಇನ್ನೊಂದು ಕಡೆ ಇತ್ತು. ಎರಡು ಅರ್ತ್‌ಗಳ ನಡುವೆ ಹರಿಯುವ ಸಣ್ಣ ಕರೆಂಟು ಸಬ್‌ವೂಫರಿನಲ್ಲಿ ಕೇಳುತ್ತಿತ್ತು. ಕೇಬಲ್ ಮನೆಯೊಳಗೆ ಬರುವ ಜಾಗದಲ್ಲಿ ಅದರ ಹೊರಕವಚವನ್ನೂ ಕಂಬವನ್ನೂ ಮನೆಯ ಮುಖ್ಯ ಅರ್ತ್‌ಗೆ ಸೇರಿಸಿದ ಮೇಲೆ ಪೂರ್ತಿ ಶಾಂತ. ಸಿಡಿಲಿನ ದೃಷ್ಟಿಯಿಂದಲೂ ಹಾಗೇ ಇರಬೇಕು. ಆದರೂ ಕಾಫಿ ಹೂ ಅರಳಿಸುವ ಹೂಮಳೆಯ ಹೊತ್ತಿನ ಗುಡುಗಿಗೆ ಪ್ಲಗ್ ಮತ್ತು ಡಿಶ್ ಕೇಬಲ್ ಎರಡನ್ನೂ ಕೀಳುವುದೇ ಇಲ್ಲಿ ಸರಿಯಾದ ರೂಢಿ.

ಮಳೆಗಾಲ ಕಳೆದ ಮೇಲೆ

ಮಳೆಗಾಲ ದಾಟಿದ ಮೇಲೆ ಮತ್ತೆ ಹೋಗಿ ಅಳೆದೆ. ಜೋಡಣೆ ಹಾಗೇ ಇತ್ತು. ಪೆಟ್ಟಿಗೆಗಳನ್ನು ಗೋಡೆಯಿಂದ ಅರ್ಧ ಅಡಿ ಈಚೆಗೆ, ನೆಲದಿಂದ ರಬ್ಬರ್ ಕಾಲಿನ ಮೇಲೆ ಇಟ್ಟಿದ್ದರಿಂದ ಹಿಂದೆ ಬೂಷ್ಟು ಹಿಡಿದಿರಲಿಲ್ಲ. ಗುಡುಗಿಲ್ಲದ ದಿನ ಸ್ಟ್ಯಾಂಡ್‌ಬೈನಲ್ಲೇ ಬಿಡಿ ಅಂದಿದ್ದೆ. ಒಳಗಿನ ಅಲ್ಪ ಬಿಸಿ ತೇವವನ್ನು ದೂರ ಇಡುತ್ತದೆ. ಸಬ್‌ವೂಫರ್‌ಗಳನ್ನು ಇನ್ವರ್ಟರ್ ಲೈನಿಗೆ ಹಾಕಿರಲಿಲ್ಲ. ಅವರದು ಸೈನ್ ವೇವ್ ಅಲ್ಲದ ಹಳೆ ಇನ್ವರ್ಟರ್, ಅದರ ಸದ್ದು ಸ್ಪೀಕರಿಗೂ ಬರುತ್ತಿತ್ತು. ಕರೆಂಟ್ ಇಲ್ಲದ ಸಂಜೆ ಅಪ್ಪ ಬ್ಯಾಟರಿ ರೇಡಿಯೋಗೆ ಮರಳುತ್ತಾರೆ.

ಹೊಸದಾಗಿ ಒಂದು ಮಾತು ಬಂತು. ರಾತ್ರಿ ಸಣ್ಣಗೆ ಹಾಕಿದರೆ ಹಾಡು ತೆಳ್ಳಗೆ ಕೇಳುತ್ತದೆ ಅಂತ ಅಪ್ಪ ಹೇಳಿದರು. ಬೇಸ್ ಬೇಡ ಅನ್ನುತ್ತಿದ್ದವರೇ ಈಗ ಬೇಸ್ ಕೇಳುತ್ತಿದ್ದರು. ಸದ್ದು ಕಮ್ಮಿಯಾದಾಗ ನಮ್ಮ ಕಿವಿ ಕೆಳಸ್ವರವನ್ನು ಇನ್ನೂ ಕಮ್ಮಿ ಕೇಳುತ್ತದೆ. ಫ್ಲೆಚರ್ ಮತ್ತು ಮನ್ಸನ್ 1933ರಲ್ಲೇ ಇದನ್ನು ಅಳೆದು ತೋರಿಸಿದ್ದಾರೆ. ರಿಸೀವರಿನಲ್ಲಿ ಇದನ್ನು ಸರಿದೂಗಿಸುವ ಸೌಲಭ್ಯ ಇತ್ತು, ಸಂಗೀತಕ್ಕೆ ಆನ್ ಮಾಡಿಟ್ಟೆ. ಮಗನ ಸಿನಿಮಾಕ್ಕೆ ಬೇರೆ ಸೆಟ್ಟಿಂಗ್, ಸಬ್‌ವೂಫರ್ 3 ಡೆಸಿಬೆಲ್ ಜಾಸ್ತಿ. ರಿಮೋಟಿನ ಒಂದೊಂದು ಬಟನ್‌ಗೆ ಒಂದೊಂದು. ಪೆಟ್ಟಿಗೆಯ ಹಿಂದಿನ ಗುಂಡಿಯನ್ನು ಈಗ ಯಾರೂ ಮುಟ್ಟುವುದಿಲ್ಲ.

ಮಗನಿಗೆ ಸಿಗದೆ ಉಳಿದದ್ದು 20 ಹರ್ಟ್ಸ್‌ನ ಆ ನಡುಕ. ಒಂದು ಆಕ್ಟೇವ್ ಕೆಳಗಿಳಿದರೆ ಅಷ್ಟೇ ಜೋರಿಗೆ ನಾಲ್ಕು ಪಟ್ಟು ಗಾಳಿ ತಳ್ಳಬೇಕು, 10 ಇಂಚಿನ ಮುಚ್ಚಿದ ಪೆಟ್ಟಿಗೆಗೆ ಅದು ಮೀರಿದ ಕೆಲಸ. ಮೈಸೂರಿನಲ್ಲಿ ಕೇಳಿ ಬಂದದ್ದನ್ನು ಅವನು ಇನ್ನೂ ನೆನೆಸಿಕೊಳ್ಳುತ್ತಾನೆ. ಅದು ನ್ಯಾಯವಾದ ಆಸೆಯೇ.

ಇದನ್ನು ಓದಿ ಎಲ್ಲರೂ ಎರಡು ಹತ್ತಿಂಚು ತರಬೇಕು ಅಂತಿಲ್ಲ. ಒಬ್ಬರೇ ಕೇಳುವವರಾದರೆ ಒಂದೇ ಒಳ್ಳೆ 12 ಇಂಚಿನದು ಸಾಕು. ಅದನ್ನು ಇಡುವ ಜಾಗ ಹುಡುಕಲು ಹಳೆ ಉಪಾಯವೊಂದಿದೆ. ಸಬ್‌ವೂಫರನ್ನು ನೀವು ಕೂರುವ ಜಾಗದಲ್ಲಿಟ್ಟು, ಬೇಸ್ ಇರುವ ಹಾಡು ಹಾಕಿ, ಗೋಡೆಯ ಬುಡದಲ್ಲಿ ಅಂಬೆಗಾಲಿಟ್ಟು ಕೇಳುತ್ತಾ ಹೋಗಿ. ಎಲ್ಲಿ ಎಲ್ಲ ಸ್ವರವೂ ಸಮವಾಗಿ ಕೇಳುತ್ತದೋ ಅಲ್ಲಿಡಿ. ಹಾಲ್ ಮೇಲಿನ ಮಹಡಿಗೆ ತೆರೆದಿದ್ದರೆ, ಇಲ್ಲವೇ ಮರದ ಅಟ್ಟ, ಹೆಂಚಿನ ಮಾಡಿನ ಹಳೆ ಮನೆಯಾದರೆ ಕೆಳಸ್ವರ ಸೋರಿಹೋಗುತ್ತದೆ. ಅಲ್ಲಿ ಸಿನಿಮಾದ ಆಳ ಬೇಕು ಅನ್ನುವವರಿಗೆ ಪೋರ್ಟ್ ಇರುವ 15 ಇಂಚಿನದನ್ನು ನಾನೇ ಹೇಳುತ್ತೇನೆ. ಪೋರ್ಟಿನ ಬಾಯಿಗೆ ತೆಳುವಾದ ಸೊಳ್ಳೆ ಪರದೆ ಕಟ್ಟಿ, ಸಿನಿಮಾ ಹಾಕುವಾಗ ತೆಗೆಯಿರಿ.